ಹಲ್ಲುಗಾಲಿಗಳ ಆಕಾಶ



2024ರ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ಒಂದು ಪೆಟ್ಟಿಗೆಯನ್ನು ಕಳುಹಿಸಿಕೊಟ್ಟ. ತೆರೆದು ನೋಡಿದರೆ ಒಳಗೆ ತೆಳುವಾದ ಮರದ ಹಲಗೆಯಿಂದ ಕೊರೆದ ಹಲ್ಲುಗಾಲಿಗಳು, ಒಂದರೊಳಗೊಂದು ಸೇರುವ ಹಿತ್ತಾಳೆಯ ಕೊಳವೆಗಳು, ಬಣ್ಣ ಬಳಿದ ಗುಂಡುಗಳು, ಒಂದು ಚಿಕ್ಕ ಹಿಡಿಕೆ, ಮತ್ತು ಕನ್ನಡಕವಿದ್ದರೂ ಓದಲಾಗದಷ್ಟು ಸಣ್ಣ ಅಕ್ಷರದ ಸೂಚನಾ ಪುಸ್ತಿಕೆ. ಹಿಡಿಕೆಯನ್ನು ತಿರುಗಿಸಿದರೆ ಬುಧನಿಂದ ಶನಿಯವರೆಗಿನ ಗ್ರಹಗಳು ತಮ್ಮ ತಮ್ಮ ವೇಗದಲ್ಲಿ ಸೂರ್ಯನನ್ನು ಸುತ್ತಬೇಕು. ಅಂಥ ಯಂತ್ರವನ್ನು ನಾನೇ ಜೋಡಿಸಿಕೊಳ್ಳಬೇಕು. ಜೊತೆಗಿದ್ದ ಚೀಟಿಯಲ್ಲಿ ಆತ ಬರೆದಿದ್ದ: "ಸರ್, ಲಾಟೀನು ಮತ್ತು ಲಗೋರಿ ಚೆಂಡಿನ ಪಾಠ ಇನ್ನೂ ನೆನಪಿದೆ."

ನಲವತ್ತು ವರ್ಷ ಲಾಟೀನು ಚೆಂಡುಗಳಲ್ಲಿಯೇ ಸೌರವ್ಯೂಹವನ್ನು ತೋರಿಸಿದವನಿಗೆ ಇಂಥದ್ದೊಂದು ಯಂತ್ರ ಕೈಗೆ ಸಿಕ್ಕಾಗ ಆಗುವ ಸಂತೋಷವನ್ನು ನಾನು ಬಣ್ಣಿಸಲಾರೆ. ಕ್ರಿಸ್‌ಮಸ್ ರಜೆಗೆ ಬಂದಿದ್ದ ಏಳನೆಯ ತರಗತಿಯ ಮೊಮ್ಮಗಳನ್ನು ಸಹಾಯಕ್ಕೆ ಕರೆದುಕೊಂಡೆ. ಒಂದು ವಾರ ಊಟದ ಮೇಜು ನಮ್ಮ ವಶದಲ್ಲಿತ್ತು; ಮನೆಯವರೆಲ್ಲ ನೆಲದ ಮೇಲೆ ಎಲೆ ಹಾಕಿಕೊಂಡು ಉಂಡರು.

ಜೋಡಿಸುವ ಕೆಲಸದಲ್ಲಿ ಬೇಸರ ಬಂದಾಗಲೆಲ್ಲ ಇಂಥ ಯಂತ್ರಗಳ ಕಥೆಯನ್ನು ಓದತೊಡಗಿದೆ. ಓದುತ್ತ ಹೋದಂತೆ ನನ್ನದೇ ಒಂದು ಹಳೆಯ ಬಾಕಿ ನೆನಪಿಗೆ ಬಂತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಇತಿಹಾಸ.

ಈ ಯಂತ್ರಕ್ಕೆ ಇಂಗ್ಲಿಷಿನಲ್ಲಿ 'ಓರರಿ' ಎಂದು ಹೆಸರು. ಇದು ಗ್ರೀಕ್ ಶಬ್ದವೂ ಅಲ್ಲ, ಲ್ಯಾಟಿನ್ ಶಬ್ದವೂ ಅಲ್ಲ. ಐರ್ಲೆಂಡಿನ ಒಂದು ಜಹಗೀರಿನ ಹೆಸರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಪ್ರಸಿದ್ಧ ಗಡಿಯಾರ ತಯಾರಕರಾದ ಥಾಮಸ್ ಟಾಂಪಿಯನ್ ಮತ್ತು ಅವನ ಶಿಷ್ಯಸಮಾನನಾದ ಜಾರ್ಜ್ ಗ್ರಹಾಂ ಸೇರಿ ಸೂರ್ಯ, ಭೂಮಿ, ಚಂದ್ರ ಈ ಮೂರನ್ನು ಚಲಿಸಿ ತೋರಿಸುವ ಯಂತ್ರವೊಂದನ್ನು ಮಾಡಿದರು. ಅದರ ಮಾದರಿಯಲ್ಲಿ ಜಾನ್ ರೌಲಿ ಎಂಬ ಉಪಕರಣ ತಯಾರಕನು 1712–13ರ ಸುಮಾರಿಗೆ ಮತ್ತೊಂದನ್ನು ಮಾಡಿ, ಓರರಿಯ ನಾಲ್ಕನೆಯ ಅರ್ಲ್ ಆಗಿದ್ದ ಚಾರ್ಲ್ಸ್ ಬಾಯ್ಲ್ ಎಂಬ ಶ್ರೀಮಂತನಿಗೆ ಕೊಟ್ಟನು. ರಿಚರ್ಡ್ ಸ್ಟೀಲ್ ಎಂಬ ಲೇಖಕ ಪತ್ರಿಕೆಯಲ್ಲಿ ಅದನ್ನು ಹೊಗಳಿ ಬರೆದ, ಹೆಸರು ಅಂಟಿಕೊಂಡುಬಿಟ್ಟಿತು. ಮೊದಲು ಮಾಡಿದ ಗ್ರಹಾಂನ ಹೆಸರೂ ಉಳಿಯಲಿಲ್ಲ, ಎರಡನೆಯದನ್ನು ಮಾಡಿದ ರೌಲಿಯ ಹೆಸರೂ ಉಳಿಯಲಿಲ್ಲ. ಹಣ ಕೊಟ್ಟವನ ಹೆಸರು ಉಳಿಯಿತು. ನಮ್ಮ ಊರುಗಳ ಶಾಲಾ ಕಟ್ಟಡಗಳ ಮೇಲಿನ ಕಲ್ಲುಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸಲಾರದು.

ಆಕಾಶವನ್ನು ಹಲ್ಲುಗಾಲಿಗಳಲ್ಲಿ ಹಿಡಿದಿಡುವ ಆಸೆಯಂತೂ ಇದಕ್ಕಿಂತ ಬಹಳ ಹಳೆಯದು. 1901ರಲ್ಲಿ ಗ್ರೀಸ್ ದೇಶದ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ ಒಂದು ತುಕ್ಕು ಹಿಡಿದ ಕಂಚಿನ ಮುದ್ದೆ ಮೇಲೆ ಬಂತು. ಅದು ಎರಡು ಸಾವಿರ ವರ್ಷಕ್ಕೂ ಹಿಂದಿನ ಖಗೋಳ ಯಂತ್ರವೆಂಬುದು ದಶಕಗಳ ಅಧ್ಯಯನದ ನಂತರ ಸ್ಪಷ್ಟವಾಯಿತು. ಅದರೊಳಗೆ 19 ಸೌರ ವರ್ಷಗಳಿಗೆ 235 ಚಾಂದ್ರಮಾಸಗಳು ಎಂಬ ಲೆಕ್ಕ ಅಡಗಿದೆ. ಮೊಮ್ಮಗಳಿಗೆ ನಾನು ಹೇಳಿದೆ: 19 ವರ್ಷಕ್ಕೆ ಹನ್ನೆರಡರಂತೆ 228 ತಿಂಗಳು, ಉಳಿದದ್ದು ಏಳು. ಆ ಏಳೇ ನಮ್ಮ ಅಧಿಕ ಮಾಸಗಳು. ಸಮುದ್ರದ ತಳದ ಕಂಚಿನ ಗಾಲಿಗೂ ನಮ್ಮ ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗಕ್ಕೂ ಚಂದ್ರ ಒಬ್ಬನೇ ಅಲ್ಲವೇ?

ಗಣಿತದ ಮೇಷ್ಟರಾದ ನನಗೆ ಅತ್ಯಂತ ಪ್ರಿಯವಾದ ಪ್ರಸಂಗವೆಂದರೆ ಕ್ರಿಶ್ಚಿಯಾನ್ ಹೈಗೆನ್ಸನದು. ಬೆಳಕಿನ ತರಂಗ ಸಿದ್ಧಾಂತದ ಪಾಠದಲ್ಲಿ ನೀವು ಕೇಳಿದ ಹೆಸರೇ. ಲೋಲಕ ಗಡಿಯಾರವನ್ನು ರೂಪಿಸಿದವನೂ ಅವನೇ, ಶನಿಯ ಸುತ್ತ ಇರುವುದು ಉಂಗುರವೆಂದು ಗುರುತಿಸಿದವನೂ ಅವನೇ. 1682ರಲ್ಲಿ ಹೇಗ್ ನಗರದ ಗಡಿಯಾರ ತಯಾರಕ ಯೋಹಾನೆಸ್ ವಾನ್ ಕ್ಯೂಲೆನ್ ಎಂಬವನಿಂದ ಅವನೊಂದು ಗ್ರಹಯಂತ್ರವನ್ನು ಮಾಡಿಸಿದ. ಆಗ ಎದುರಾದ ತೊಡಕು ನಾನು ಮೇಜಿನ ಮೇಲೆ ಹರಡಿಕೊಂಡಿದ್ದ ಗಾಲಿಗಳ ಹಿಂದೆಯೂ ಇರುವ ತೊಡಕೇ. ಗಾಲಿಗೆ ಹಲ್ಲುಗಳು ಪೂರ್ಣಾಂಕಗಳಲ್ಲಿಯೇ ಇರಬೇಕು. ಅರ್ಧ ಹಲ್ಲಿನ ಗಾಲಿಯಿಲ್ಲ. ಆಕಾಶವೋ ಪೂರ್ಣಾಂಕಗಳ ಹಂಗಿನಲ್ಲಿಲ್ಲ.

ಹೈಗೆನ್ಸನ ಲೆಕ್ಕದಂತೆ 365 ದಿನಗಳಲ್ಲಿ ಭೂಮಿ ಚಲಿಸುವ ಕೋನಕ್ಕೂ ಶನಿ ಚಲಿಸುವ ಕೋನಕ್ಕೂ ಇರುವ ಅನುಪಾತ 7,77,08,431ಕ್ಕೆ 26,40,858. (ಪಂಚಾಂಗದವರು ಅಂಶ, ಕಲೆ, ವಿಕಲೆ ಎಂದು ಅರವತ್ತರಿಂದ ಭಾಗಿಸುವಂತೆ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಭಾಗಿಸಿದ್ದರಿಂದ ಇಷ್ಟು ದೊಡ್ಡ ಸಂಖ್ಯೆಗಳು.) ಏಳು ಕೋಟಿ ಹಲ್ಲುಗಳ ಗಾಲಿಯನ್ನು ಯಾವ ಬಡಗಿಯೂ, ಯಾವ ಕಮ್ಮಾರನೂ ಮಾಡಿಕೊಡಲಾರ. ಹಾಗಾದರೆ ಇದೇ ಅನುಪಾತಕ್ಕೆ ಅತಿ ಹತ್ತಿರವಾದ ಸಣ್ಣ ಸಂಖ್ಯೆಗಳ ಜೋಡಿ ಯಾವುದು?

ಅವನು ಮಾಡಿದ್ದು ನಾನು ನಿಮಗೆ ಮ.ಸಾ.ಅ. ಕಂಡುಹಿಡಿಯಲು ಕಲಿಸಿದ ಕೆಲಸವನ್ನೇ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದ: ಭಾಗಲಬ್ಧ 29, ಶೇಷ 11,23,549. ಚಿಕ್ಕದನ್ನು ಶೇಷದಿಂದ ಭಾಗಿಸಿದ: 2. ಮತ್ತೆ ಶೇಷದಿಂದ ಶೇಷವನ್ನು ಭಾಗಿಸಿದ: 2. ಮತ್ತೊಮ್ಮೆ: 1. ಇಷ್ಟಕ್ಕೇ ನಿಲ್ಲಿಸಿ ಈ ಭಾಗಲಬ್ಧಗಳನ್ನು ಹಿಮ್ಮುಖವಾಗಿ ಕಟ್ಟುತ್ತ ಬಂದರೆ 206ಕ್ಕೆ 7 ಎಂಬ ಜೋಡಿ ದೊರೆಯುತ್ತದೆ. 7 ಹಲ್ಲಿನ ಗಾಲಿ 206 ಹಲ್ಲಿನ ಗಾಲಿಯನ್ನು ನೂಕಿದರೆ ಆಯಿತು. ಅವನ ಲೆಕ್ಕಕ್ಕೆ ಹೋಲಿಸಿದರೆ ಶನಿಯ ಒಂದು ಪೂರ್ಣ ಸುತ್ತಿಗೆ, ಎಂದರೆ ಇಪ್ಪತ್ತೊಂಬತ್ತೂವರೆ ವರ್ಷಕ್ಕೆ, ತಪ್ಪುವುದು ಸುಮಾರು 0.04 ಡಿಗ್ರಿ ಮಾತ್ರ. ಮಕ್ಕಳೇ, "ಈ ಭಾಗಾಕಾರ ಜೀವನದಲ್ಲಿ ಯಾವುದಕ್ಕೆ ಬರುತ್ತದೆ ಸರ್?" ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದಿರಲ್ಲ, ತಡವಾಗಿಯಾದರೂ ಉತ್ತರ ಕೊಟ್ಟಿದ್ದೇನೆ. ಸಾಡೇಸಾತಿ ಬಿಟ್ಟಿತೇ ಎಂದು ಕೇಳುವವರಿಗೂ ಒಂದು ಮಾತು: ಶನಿಯ ಈ ಅವಧಿಯನ್ನು ಹನ್ನೆರಡು ರಾಶಿಗಳಿಗೆ ಹಂಚಿ ಮೂರು ರಾಶಿಗಳಿಗೆ ಲೆಕ್ಕ ಹಾಕಿದರೆ ಬರುವುದೇ ಆ ಏಳೂವರೆಯ ಆಸುಪಾಸು.

ಹೀಗೆ ಪರಸ್ಪರ ಭಾಗಿಸುತ್ತ ಸಂಖ್ಯೆಗಳನ್ನು ಚಿಕ್ಕದು ಮಾಡುವ ವಿಧಾನ ನಮ್ಮಲ್ಲಿಯೂ ಇತ್ತು. 499ರ ಆರ್ಯಭಟೀಯದಲ್ಲಿ ಅದು ಬರುತ್ತದೆ. ಮುಂದಿನವರು ಅದನ್ನು 'ಕುಟ್ಟಕ' ಎಂದು ಕರೆದರು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿಯೂ ಕುಟ್ಟಕದ ಪ್ರಕರಣವಿದೆ. ಕುಟ್ಟುವುದು ಎಂದರೆ ಏನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಒರಳಿನಲ್ಲಿ ಹಾಕಿ ಪುಡಿ ಮಾಡಿದಂತೆ ಸಂಖ್ಯೆಯನ್ನು ಪುಡಿ ಮಾಡುವುದು. ಅವರ ಉದ್ದೇಶ ಗಾಲಿಗಳಿಗೆ ಹಲ್ಲು ಕೊರೆಯುವುದಾಗಿರಲಿಲ್ಲ, ಗ್ರಹಗಣಿತದ ಬೇರೆ ಸಮಸ್ಯೆಗಳನ್ನು ಬಿಡಿಸುವುದಾಗಿತ್ತು. ಭಾಗಾಕಾರದ ಸರಪಣಿ ಮಾತ್ರ ಒಂದೇ. ಆದ್ದರಿಂದ ಹೈಗೆನ್ಸ್ ನಮ್ಮಿಂದ ಕದ್ದನೆಂದು ದಯವಿಟ್ಟು ಯಾರೂ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಒಂದೇ ಬಾಗಿಲನ್ನು ಇಬ್ಬರು ಬೇರೆ ಬೇರೆ ಕಾಲದಲ್ಲಿ ತೆರೆಯಬಹುದು.

ನಮ್ಮ ಕಿಟ್‌ನಲ್ಲಿ ಶುಕ್ರನಿಗೆ 52 ಮತ್ತು 32 ಹಲ್ಲುಗಳ ಜೋಡಿ. ಎಂದರೆ 13ಕ್ಕೆ 8. ಎಂಟು ವರ್ಷಗಳಲ್ಲಿ ಶುಕ್ರ ಹದಿಮೂರು ಸುತ್ತು ಹಾಕುತ್ತದೆ. ನಾನು ಈ ಎರಡು ಗಾಲಿಗಳನ್ನು ಅದಲು ಬದಲಾಗಿ ಕೂರಿಸಿಬಿಟ್ಟಿದ್ದೆ. ಹಲ್ಲುಗಳ ಮೊತ್ತ ಒಂದೇ ಆದ್ದರಿಂದ ಗಾಲಿಗಳು ಅಚ್ಚುಕಟ್ಟಾಗಿಯೇ ಕೂಡಿಕೊಂಡವು, ಸಂಶಯವೇ ಬರಲಿಲ್ಲ. ಎಲ್ಲವನ್ನೂ ಬಿಗಿದು ಮುಗಿಸಿ, ಮನೆಯವರನ್ನೆಲ್ಲ ಕರೆದು ಹಿಡಿಕೆ ತಿರುಗಿಸಿದಾಗ ಮೊಮ್ಮಗಳು, "ಅಜ್ಜಾ, ಶುಕ್ರ ಯಾಕೆ ಭೂಮಿಗಿಂತ ಹಿಂದೆ ಬೀಳ್ತಾ ಇದೆ?" ಎಂದಳು. ಮೂರು ದಿನದ ಕೆಲಸವನ್ನು ಬಿಚ್ಚಬೇಕಾಯಿತು. ನನ್ನ ಹೆಂಡತಿಯ ಮುಖದಲ್ಲಿ ಮೂಡಿದ ನಗುವನ್ನು ನಾನು ಕಾಣದವನಂತೆ ಇದ್ದೆ.

ಈಗ ಹೇಳಬೇಕಾದ ಮುಖ್ಯ ಕಥೆ ಐಸೆ ಐಸಿಂಗಾ ಎಂಬವನದು. ಅವನು ಹುಟ್ಟಿದ್ದು 1744ರಲ್ಲಿ, ನೆದರ್ಲೆಂಡ್ಸ್ ದೇಶದ ಉತ್ತರಕ್ಕಿರುವ ಫ್ರೀಸ್‌ಲೆಂಡ್ ಪ್ರಾಂತದ ಒಂದು ಹಳ್ಳಿಯಲ್ಲಿ. ಕುಲವೃತ್ತಿ ಉಣ್ಣೆ ಬಾಚುವುದು. ನಮ್ಮ ಕಡೆ ಕಂಬಳಿ ನೇಯುವವರ ಮನೆಗಳಲ್ಲಿ ಉಣ್ಣೆ ಹಿಂಜುವುದನ್ನು ನೋಡಿದವರಿಗೆ ಆ ಕೆಲಸದ ಧೂಳು, ವಾಸನೆ, ಬೆನ್ನುನೋವು ಎಂಥದೆಂದು ಗೊತ್ತು. ಪ್ರಾಥಮಿಕ ಶಾಲೆಯಿಂದ ಮುಂದೆ ಅವನು ಓದಲಿಲ್ಲ; ಆದರೆ ಗಣಿತದ ಹುಚ್ಚು ಎಷ್ಟಿತ್ತೆಂದರೆ ಹದಿಹರೆಯದಲ್ಲಿಯೇ ಗಣಿತದ ದಪ್ಪ ಪುಸ್ತಕವನ್ನು ಕೈಯಲ್ಲಿ ಬರೆದಿದ್ದ. ಮದುವೆಯಾದ ಮೇಲೆ ಫ್ರಾನೆಕರ್ ಎಂಬ ಊರಿನಲ್ಲಿ ಮನೆ ಮಾಡಿ ಉಣ್ಣೆಯ ವ್ಯಾಪಾರ ನಡೆಸುತ್ತಿದ್ದ. ಆ ಊರಿನಲ್ಲಿ ಆಗ ಒಂದು ವಿಶ್ವವಿದ್ಯಾನಿಲಯವೂ ಇತ್ತೆಂಬುದನ್ನು ನೆನಪಿಡಿ.

1774ರ ಮೇ 8ರಂದು ಬುಧ, ಶುಕ್ರ, ಮಂಗಳ, ಗುರು ಮತ್ತು ಚಂದ್ರ ಮೇಷರಾಶಿಯಲ್ಲಿ ಒಟ್ಟುಗೂಡುವವರಿದ್ದರು. ಆ ಪ್ರಾಂತದ ಎಲ್ಕೊ ಆಲ್ಟಾ ಎಂಬ ಪಾದ್ರಿಯೊಬ್ಬ ಹೆಸರು ಹಾಕದೆ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿ, ಇವುಗಳ ಸೆಳೆತಕ್ಕೆ ಭೂಮಿಯು ತನ್ನ ಕಕ್ಷೆಯಿಂದ ಜಾರಿ ಸೂರ್ಯನಲ್ಲಿ ಬಿದ್ದು ಉರಿದುಹೋಗಬಹುದು ಎಂದು ಹೇಳಿದ. ಜನ ಕಂಗಾಲಾದರು. ಮೇ 8 ಬಂತು, ಹೋಯಿತು, ಏನೂ ಆಗಲಿಲ್ಲ. ಇಂಥ ಸಂದರ್ಭದಲ್ಲಿ ತಿಳಿದವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ನಗುತ್ತಾರೆ, ಇಲ್ಲವೆ ಭಾಷಣ ಮಾಡುತ್ತಾರೆ. ಐಸಿಂಗಾ ಎರಡನ್ನೂ ಮಾಡಲಿಲ್ಲ. ಅದೇ ವರ್ಷ ತನ್ನ ಮನೆಯ ನಡುಕೋಣೆಯ ಅಟ್ಟದಲ್ಲಿ ಮರಗೆಲಸಕ್ಕೆ ಕುಳಿತ. ಜನರ ಭಯವನ್ನು ನೋಡಿಯೇ ಅವನು ಇದಕ್ಕೆ ಕೈಹಾಕಿದನೆಂದು ಹೇಳುವುದು ರೂಢಿ. ಲೆಕ್ಕದ ಹುಚ್ಚೊಂದೇ ಸಾಕಾಗಿತ್ತೇನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಹಗಲು ಉಣ್ಣೆ, ರಾತ್ರಿ ಗ್ರಹ. ಹೀಗೆ ಏಳು ವರ್ಷ. 1781ರಲ್ಲಿ ಮುಗಿದಾಗ ಆ ಕೋಣೆಯ ಚಾವಣಿಯೇ ಆಕಾಶವಾಗಿತ್ತು. ನಡುವೆ ಸೂರ್ಯ, ಸುತ್ತಲೂ ಹಲಗೆಗಳಲ್ಲಿ ಕೊರೆದ ವೃತ್ತಾಕಾರದ ಸೀಳುಗಳು, ಸೀಳುಗಳಿಂದ ಇಳಿಬಿದ್ದ ಗ್ರಹಗಳು ನಿಜವಾದ ಗ್ರಹಗಳ ವೇಗದಲ್ಲಿಯೇ ಚಲಿಸುತ್ತವೆ. ಅಲ್ಲಿನ ಶನಿಗೂ ಒಂದು ಸುತ್ತಿಗೆ ಇಪ್ಪತ್ತೊಂಬತ್ತು ವರ್ಷ ದಾಟುತ್ತದೆ. ಆ ಮನೆಯಲ್ಲಿ ಹುಟ್ಟಿದ ಮಗು ತನ್ನ ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿಗೆ ಬಂದಾಗ ಶನಿ ಮೊದಲಿದ್ದ ಜಾಗಕ್ಕೆ ಬಂದಿರುತ್ತದೆ. ಅಟ್ಟದ ಮೇಲೆ ಮರದ ಬಳೆಗಳು, ಬಿಲ್ಲೆಗಳು; ಅವುಗಳಿಗೆ ಹಲ್ಲುಗಳಾಗಿ ಕೈಯಿಂದ ಮಾಡಿದ ಕಬ್ಬಿಣದ ಮೊಳೆಗಳು, ಸುಮಾರು ಹತ್ತು ಸಾವಿರ. ಇಷ್ಟನ್ನೂ ನಡೆಸುವುದು ಒಂದು ಲೋಲಕ ಗಡಿಯಾರ ಮತ್ತು ಕೆಲವು ತೂಕದ ಗುಂಡುಗಳು. ಗೋಡೆಯ ಕಪಾಟಿನೊಳಗೆ ಮಲಗುವುದು ಆ ದೇಶದ ಆಗಿನ ಪದ್ಧತಿ. ಐಸಿಂಗಾ ಲೆಕ್ಕ ಹಾಕಿದ್ದ ಉದ್ದನೆಯ ಲೋಲಕ ಆ ಹಾಸಿಗೆಯೊಳಕ್ಕೇ ಇಳಿಯುತ್ತಿತ್ತಂತೆ. ಹೆಂಡತಿ ಪೀಟ್ಯೆ ಒಪ್ಪಲಿಲ್ಲ. ಲೋಲಕವನ್ನು ಗಿಡ್ಡ ಮಾಡಿ, ಅದಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಿದ. ಊಟದ ಮೇಜನ್ನು ಒಂದು ವಾರ ಬಿಟ್ಟುಕೊಟ್ಟ ನನ್ನ ಹೆಂಡತಿ ಈ ಭಾಗವನ್ನು ಎರಡು ಸಲ ಓದಿಸಿಕೊಂಡಳು.

ಅಳತೆಯನ್ನೂ ಗಮನಿಸಿ. ಆ ಚಾವಣಿಯಲ್ಲಿ 1 ಮಿಲಿಮೀಟರ್ ಎಂದರೆ ಹತ್ತು ಲಕ್ಷ ಕಿಲೋಮೀಟರ್. ಭೂಮಿ ಸೂರ್ಯನಿಂದ 15 ಸೆಂಟಿಮೀಟರ್ ದೂರ, ಶನಿ ಸುಮಾರು 1.4 ಮೀಟರ್. ಇದೇ ಅಳತೆಯಲ್ಲಿ ಗೋಳಗಳನ್ನೂ ಮಾಡಿದರೆ ಸೂರ್ಯ ಒಂದು ಸಾಸಿವೆ ಕಾಳಿನಷ್ಟಾಗುತ್ತಾನೆ, ಭೂಮಿ ಕಣ್ಣಿಗೇ ಕಾಣದು. ಆದ್ದರಿಂದ ಗೋಳಗಳನ್ನು ಬೇರೆ ಅಳತೆಯಲ್ಲಿ ಮಾಡಲೇಬೇಕು. ಪಠ್ಯಪುಸ್ತಕದ ಚಿತ್ರ ತೋರಿಸಿ "ಸೌರವ್ಯೂಹ ಹೀಗಿದೆ" ಎಂದು ನಾನು ಎಷ್ಟು ವರ್ಷ ಹೇಳಿದೆನೋ. "ಹೀಗಿಲ್ಲ, ಕಾಗದ ಸಾಲದ್ದರಿಂದ ಹೀಗೆ ಬರೆದಿದ್ದಾರೆ" ಎಂದು ಒಂದು ಮಾತು ಸೇರಿಸಬಹುದಾಗಿತ್ತು.

ಐಸಿಂಗಾ ಕೆಲಸ ಮುಗಿಸಿದ 1781ರಲ್ಲಿಯೇ, ಮಾರ್ಚ್ 13ರಂದು, ವಿಲಿಯಂ ಹರ್ಷೆಲ್ ಇಂಗ್ಲೆಂಡಿನಲ್ಲಿ ಯುರೇನಸ್ಸನ್ನು ಕಂಡ. ಐಸಿಂಗಾನ ಅಳತೆಯಲ್ಲಿ ಅದು ಸೂರ್ಯನಿಂದ 2.87 ಮೀಟರ್ ದೂರದಲ್ಲಿರಬೇಕು. ಎಂದರೆ ಗೋಡೆಯ ಆಚೆ. ಅದನ್ನು ಸೇರಿಸಲಿಲ್ಲ. ಇಂದಿಗೂ ಆ ಆಕಾಶ ಶನಿಗೇ ಮುಗಿಯುತ್ತದೆ.

ಫ್ರಾನೆಕರ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಾನ್ ಸ್ವಿಂಡೆನ್ ಈ ಉಣ್ಣೆ ಬಾಚುವವನ ಮನೆಗೆ ಬಂದು ನೋಡಿ, 1780ರಲ್ಲಿಯೇ ಯಂತ್ರವನ್ನು ಕುರಿತು ಪುಸ್ತಕ ಬರೆದ. ಅಲ್ಪ ಓದಿನವನ ಕೆಲಸವನ್ನು ಪಂಡಿತನೊಬ್ಬ ಅಸೂಯೆಯಿಲ್ಲದೆ ಲೋಕಕ್ಕೆ ತಿಳಿಸಿದ ಈ ಪ್ರಸಂಗ ನನಗೆ ಯಂತ್ರಕ್ಕಿಂತಲೂ ಹೆಚ್ಚು ಎನಿಸುತ್ತದೆ. ಮುಂದೆ ರಾಜಕೀಯದ ಗಲಭೆಯಲ್ಲಿ ಐಸಿಂಗಾ ಸೋತ ಪಕ್ಷದಲ್ಲಿದ್ದುದರಿಂದ 1787ರಲ್ಲಿ ಊರು ಬಿಟ್ಟು ಓಡಬೇಕಾಯಿತು. ಮರುವರ್ಷ ಪೀಟ್ಯೆ ತೀರಿಕೊಂಡಳು. ಅವನು ಹಿಂದಿರುಗಿದ್ದು 1795ರಲ್ಲಿ ಆಡಳಿತ ಬದಲಾದ ಮೇಲೆ. ಬಂದವನೇ ಅಟ್ಟ ಹತ್ತಿ ಯಂತ್ರವನ್ನು ಸರಿಪಡಿಸತೊಡಗಿದ. 1818ರಲ್ಲಿ ದೊರೆ ಒಂದನೆಯ ವಿಲಿಯಂ ಮನೆಗೇ ಬಂದು ನೋಡಿದ. 1825ರಲ್ಲಿ ಸರಕಾರಕ್ಕಾಗಿ ಆ ಮನೆಯನ್ನು ಕೊಂಡುಕೊಳ್ಳಲಾಯಿತು. ಐಸಿಂಗಾ 1828ರಲ್ಲಿ ತೀರಿಕೊಂಡ. ಯಂತ್ರ ಇನ್ನೂ ನಡೆಯುತ್ತಿದೆ. ಇಸವಿಯನ್ನು ಬರೆದ ಹಲಗೆಗೆ ಮಾತ್ರ 22 ವರ್ಷಕ್ಕೊಮ್ಮೆ ಹೊಸದಾಗಿ ಬಣ್ಣ ಬರೆಯಬೇಕು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

1774ರ ಆ ಭಯವನ್ನು ಓದುವಾಗ ನನಗೆ ನೆನಪಾದದ್ದು 1962ರ ಅಷ್ಟಗ್ರಹ ಕೂಟ. ಫೆಬ್ರವರಿ 3ರಿಂದ 5ರವರೆಗೆ ಸೂರ್ಯ, ಚಂದ್ರ, ಬುಧ, ಶುಕ್ರ, ಮಂಗಳ, ಗುರು, ಶನಿ ಮತ್ತು ಕೇತು ಮಕರರಾಶಿಯಲ್ಲಿ ಕೂಡಿದ್ದವು. ದೇಶದ ತುಂಬ ಹೋಮ, ಹವನ, ಭಜನೆ. ನನಗಾಗ ಐದು ವರ್ಷ. ನೆನಪಿರುವುದು ತುಪ್ಪ ಸುಟ್ಟ ವಾಸನೆ ಮತ್ತು ಅವ್ವ ನನ್ನನ್ನು ಮಡಿಲಿನಿಂದ ಇಳಿಸದೆ ಕುಳಿತದ್ದು, ಇಷ್ಟೇ. "ಸತ್ತರ ಎಲ್ಲಾರೂ ಕೂಡೇ ಸಾಯೂಣು ಅಂತ ಕುಂತಿದ್ವಿ" ಎಂದು ಆಕೆ ಮುಂದೆ ನಗುತ್ತ ಹೇಳುತ್ತಿದ್ದಳು. ನನ್ನ ಮರದ ಯಂತ್ರದಲ್ಲಿ ಕೇತುವಿಗೆ ಗಾಲಿಯಿಲ್ಲ. ಆದರೆ ಚಂದ್ರನ ಓರೆಯಾದ ಕಕ್ಷೆಯನ್ನು ತೋರಿಸುವ ಕೆಲವು ದೊಡ್ಡ ಓರರಿಗಳಲ್ಲಿ, ಆ ಕಕ್ಷೆ ಸೂರ್ಯನ ಪಥವನ್ನು ಕತ್ತರಿಸುವ ಎರಡು ಬಿಂದುಗಳನ್ನು ಹದಿನೆಂಟೂವರೆ ವರ್ಷಕ್ಕೊಮ್ಮೆ ಹಿಮ್ಮುಖವಾಗಿ ಸುತ್ತಿಸುವ ಗಾಲಿಯುಂಟು. ಆ ಎರಡು ಬಿಂದುಗಳೇ ರಾಹು, ಕೇತು. ಚಂದ್ರ ಆ ಬಿಂದುಗಳ ಹತ್ತಿರವಿದ್ದಾಗ ಅಮಾವಾಸ್ಯೆ ಬಂದರೆ ಸೂರ್ಯಗ್ರಹಣ.

ಇಲ್ಲಿಗೆ ನನ್ನ ಬಾಕಿಯ ವಿಷಯ ಬಂತು.

1980ರ ಫೆಬ್ರವರಿ 16, ಶನಿವಾರ. ಅಂಕೋಲಾದಿಂದ ರಾಯಚೂರಿನವರೆಗೆ ನಮ್ಮ ರಾಜ್ಯದ ಮೇಲೆ ಖಗ್ರಾಸ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಬಿ.ಎಡ್. ಮುಗಿಸಿ ಗದಗಿನ ಸಮೀಪದ ಒಂದು ಹಳ್ಳಿಯ ಪ್ರೌಢಶಾಲೆಗೆ ಸೇರಿ ನನಗೆ ಇನ್ನೂ ವರ್ಷ ತುಂಬಿರಲಿಲ್ಲ. ಆ ವಾರವೆಲ್ಲ ಒಂಬತ್ತನೆಯ ತರಗತಿಗೆ ಕಿಟಕಿ ಮುಚ್ಚಿ, ಲಾಟೀನು ಹಚ್ಚಿ, ಲಗೋರಿ ಚೆಂಡು ಮತ್ತು ಗೋಲಿ ಹಿಡಿದು ಗ್ರಹಣದ ಪಾಠ ಮಾಡಿದ್ದೆ. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ನೆರಳಿನಲ್ಲಿ ಹೇಗೆ ನೋಡಬೇಕೆಂದು ಕಲಿಸಿದ್ದೆ. "ಅಂಜಬೇಡಿ, ಇದು ಬರೀ ನೆರಳು" ಎಂದು ದೊಡ್ಡ ದನಿಯಲ್ಲಿ ಹೇಳಿದ್ದೆ.

ತಂಗಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಶನಿವಾರ ಮಧ್ಯಾಹ್ನ ನಾನು ರಟ್ಟು ಹಿಡಿದು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ನಿನ್ನ ಸಾಲಿ ವಿದ್ಯಾ ಸಾಲ್ಯಾಗ ಇರಲಿ. ಹೊಟ್ಟಿಲೆ ಇರೋ ಹುಡುಗಿ ಮನ್ಯಾಗ ಐತಿ. ನೀ ಹೊರಗ ಹೋಗಿ ಬಂದು ಏನರ ಆತಂದ್ರ?" ಉತ್ತರ ನನಗೆ ಗೊತ್ತಿತ್ತು, ನಾಲ್ಕು ದಿನ ಮಕ್ಕಳಿಗೆ ಹೇಳಿದ್ದೂ ಅದನ್ನೇ. ಆದರೆ 'ಏನಾದರೂ ಆದರೆ' ಎಂಬ ಮಾತಿಗೆ ನನ್ನಲ್ಲಿಯೂ ಎಲ್ಲೋ ಒಂದು ಅಳುಕಿತ್ತೆಂಬುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಳಗೆ ಬಂದು ಕುಳಿತೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅವ್ವ ಮೇಲಿನ ಬೆಳಕಿಂಡಿಗೂ ಕಂಬಳಿ ಮುಚ್ಚಿಸಿದ್ದಳು. ಅದು ಹಳೆಯ ಕಂಬಳಿ; ಇಲಿ ಕಡಿದ ಒಂದು ತೂತಿನಿಂದ ಪೂರ್ವದ ಗೋಡೆಯ ಬುಡಕ್ಕೆ ರೂಪಾಯಿಯ ಅಗಲದ ಬೆಳಕು ಬಿದ್ದಿತ್ತು. ನಾನು ಅದನ್ನೇ ನೋಡುತ್ತ ಕುಳಿತೆ. ಬಿಲ್ಲೆಯ ಒಂದು ಅಂಚು ಸವೆಯಿತು. ಅರ್ಧವಾಯಿತು. ಬಿದಿಗೆಯ ಚಂದ್ರನಂತೆ ತೆಳ್ಳಗಾಯಿತು. ಮೂರೂವರೆ ದಾಟಿದ ಮೇಲೆ ಒಮ್ಮೆಲೇ ಇಲ್ಲವಾಯಿತು. ಹೊರಗೆ ಹಕ್ಕಿಗಳ ಸದ್ದು ನಿಂತಿತು. ಎಲ್ಲಿಯೋ ಒಂದು ನಾಯಿ ಊಳಿಟ್ಟಿತು. ಕತ್ತಲಲ್ಲಿ ತಂಗಿ ನನ್ನ ಕೈ ಹಿಡಿದುಕೊಂಡಳು. ಎರಡು ಚಿಲ್ಲರೆ ನಿಮಿಷಗಳ ನಂತರ ಗೋಡೆಯ ಬುಡದಲ್ಲಿ ಮತ್ತೊಂದು ಬದಿಯಿಂದ ಬೆಳಕಿನ ಗೆರೆ ಹುಟ್ಟಿತು. ಬಾಗಿಲು ತೆಗೆದು ನಾಲ್ಕು ಹೆಜ್ಜೆ ನಡೆದಿದ್ದರೆ ಜೀವಮಾನದಲ್ಲಿ ಒಮ್ಮೆ ಸಿಗುವ ನೋಟ ನನ್ನದಾಗುತ್ತಿತ್ತು. ಆಮೇಲೆ ಅಂಥ ಗ್ರಹಣ ನನಗೆ ಸಿಕ್ಕಿಲ್ಲ.

ಸೋಮವಾರ ತರಗತಿಗೆ ಹೋದರೆ ಹೆಚ್ಚಿನ ಮಕ್ಕಳು ನನ್ನ ಹಾಗೆಯೇ ಮನೆಯೊಳಗಿದ್ದವರು. ಒಬ್ಬ ಹುಡುಗ ಮಾತ್ರ ಕುರಿ ಕಾಯಲು ಅಡವಿಗೆ ಹೋಗಿದ್ದ. ಕತ್ತಲಾಗುತ್ತಿದ್ದಂತೆ ಕುರಿಗಳು ತಾವಾಗಿಯೇ ಊರ ಕಡೆ ಮುಖ ಮಾಡಿದ್ದನ್ನು ಹೇಳಿದ. ನಾನು ಹೇಳಿಕೊಟ್ಟಂತೆ ರಟ್ಟಿನಲ್ಲಿ ನೋಡಿದ್ದನ್ನು ಹೇಳಿದ. ಆಮೇಲೆ ಕೇಳಿದ: "ಸರ, ನೀವೂ ನೋಡಿದ್ರೇನ್ರಿ?"

"ನೋಡಿದೆ. ಮಾಳಿಗೆ ಮೇಲಿಂದ ನೋಡಿದೆ" ಎಂದೆ.

"ಹಂಗಾರ ಆ ಎರಡು ಚುಕ್ಕಿ ಯಾವುವ್ರಿ ಸರ? ಸೂರ್ಯಾಗಿಂತ ಮ್ಯಾಲ ಒಂದು ಹತ್ರ ಇತ್ತು, ಇನ್ನೊಂದು ಭಾಳ ಮ್ಯಾಲ, ಭಾಳ ಬೆಳ್ಳಗ."

ನನಗೆ ಗೊತ್ತಿರಲಿಲ್ಲ. ನೋಡಿರಲೂ ಇಲ್ಲ. "ನಕ್ಷತ್ರಗಳು ಹಗಲಲ್ಲೂ ಇರುತ್ತವೆ, ಕತ್ತಲಾದಾಗ ಕಾಣುತ್ತವೆ. ಕೂತುಕೋ" ಎಂದೆ. ಅವನು ಕುಳಿತ. ಆ ವರ್ಷದ ಪರೀಕ್ಷೆಯ ನಂತರ ಅವನು ಶಾಲೆಗೆ ಬರಲಿಲ್ಲ. ಅದಕ್ಕೆ ಮನೆಯ ಬಡತನ ಕಾರಣವೇ ಹೊರತು ನನ್ನ ಮಾತಲ್ಲ ಎಂಬುದು ನನಗೆ ಗೊತ್ತು. ಆದರೂ ಆ 'ಕೂತುಕೋ' ಮರೆತಿಲ್ಲ.

ಈ ಜನವರಿ ಮೊದಲ ವಾರ, 2025ರಲ್ಲಿ, ಯಂತ್ರ ಪೂರ್ಣವಾಯಿತು. ಗ್ರಹಗಳನ್ನು ಅಂದಿನ ಸ್ಥಾನಗಳಲ್ಲಿ ನಿಲ್ಲಿಸಿ ನಾನು ಮೊಮ್ಮಗಳಿಗೆ, "45 ವರ್ಷ ಹಿಂದಕ್ಕೆ ಹೋಗೋಣ" ಎಂದೆ. ಹಿಡಿಕೆಯ ಒಂದು ಸುತ್ತಿಗೆ ಒಂದು ತಿಂಗಳು. ಸುಮಾರು 540 ಸುತ್ತು. ನೂರಕ್ಕೆ ನನ್ನ ರಟ್ಟೆ ಸೋತಿತು, ಉಳಿದದ್ದನ್ನು ಅವಳು ತಿರುಗಿಸಿದಳು. ಭೂಮಿಯನ್ನು ಫೆಬ್ರವರಿಯ ನಡುವಿನಲ್ಲಿ ನಿಲ್ಲಿಸಿ ನೋಡಿದೆವು. ಶುಕ್ರನ ಸ್ಥಾನ ಒಪ್ಪುವಂತಿತ್ತು. ಭೂಮಿಯಿಂದ ನೋಡಿದರೆ ಸೂರ್ಯನ ಪೂರ್ವಕ್ಕೆ ಸಾಕಷ್ಟು ದೂರ. ಬುಧ ಮಾತ್ರ ಇರಬೇಕಾದಲ್ಲಿ ಇರಲಿಲ್ಲ. ಹಲ್ಲುಗಳನ್ನು ಎಣಿಸಿದೆ: 83 ಮತ್ತು 20. ಎಂದರೆ ವರ್ಷಕ್ಕೆ 4.15 ಸುತ್ತು. ನಿಜವಾದ ಬುಧ ಹಾಕುವುದು 4.152. ಈ ಅಲ್ಪ ವ್ಯತ್ಯಾಸ ವರ್ಷಕ್ಕೆ ಮುಕ್ಕಾಲು ಡಿಗ್ರಿಯಾಗಿ, 45 ವರ್ಷಕ್ಕೆ 34 ಡಿಗ್ರಿಯಾಗಿ ಬೆಳೆದಿತ್ತು. ಹೈಗೆನ್ಸ್ ಏಕೆ ಅಷ್ಟು ಹೊತ್ತು ಭಾಗಿಸುತ್ತ ಕುಳಿತನೆಂಬುದು ಆಗ ಚೆನ್ನಾಗಿ ತಿಳಿಯಿತು. ಬುಧನನ್ನು ಬೆರಳಿನಿಂದ 34 ಡಿಗ್ರಿ ಸರಿಸಿದೆ. ಮೊಮ್ಮಗಳು ಮೊಬೈಲಿನಲ್ಲಿ ಆ ದಿನದ ಆಕಾಶವನ್ನು ತೆಗೆದು ಪಕ್ಕದಲ್ಲಿಟ್ಟಳು. ಎರಡೂ ಹೊಂದಿದವು. ಬುಧ ಸೂರ್ಯನಿಂದ ಸುಮಾರು 18 ಡಿಗ್ರಿ ಪೂರ್ವಕ್ಕೆ, ಶುಕ್ರ ಅದಕ್ಕಿಂತ ಎರಡರಷ್ಟು ಆಚೆಗೆ. ಮಧ್ಯಾಹ್ನದ ಸೂರ್ಯ ಪಶ್ಚಿಮಕ್ಕೆ ಇಳಿಯುತ್ತಿದ್ದುದರಿಂದ ಪೂರ್ವ ಎಂದರೆ ಮೇಲೆ. ಹುಡುಗ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಆ ವರ್ಷದ ಒಂಬತ್ತನೆಯ ತರಗತಿಯ ಕೆಲವರು ಇದನ್ನು ಓದುತ್ತಿದ್ದೀರಿ. ಅವನಿಗೀಗ ಅರವತ್ತರ ಆಸುಪಾಸು. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ನಾನು ಹೇಳಿದೆನೆಂದು ತಿಳಿಸಿ. ಮೇಷ್ಟರು ಅಂದು ಮಾಳಿಗೆ ಹತ್ತಿರಲಿಲ್ಲ. ಹತ್ತಿರ ಇದ್ದದ್ದು ಬುಧ, ಮೇಲೆ ಬೆಳ್ಳಗೆ ಇದ್ದದ್ದು ಶುಕ್ರ.